ಮೇನ್ ಇಳಿಸಿದ ಕೂಡಲೇ ಇನ್ವರ್ಟರ್ ಎದ್ದಿತು

ಧಾರವಾಡ ಮಾಳಮಡ್ಡಿಯ ಹಳೇ ಹಂಚಿನ ಮನೆ. ಅಟ್ಟದ ಸಾಗವಾನಿ ಹಲಗೆ ಎತ್ತಿ, ಜಂತಿಗಳ ನಡುವೆ ಸೆಕೆ ತಡೆಯಲು ರಾಕ್‌ವೂಲ್, ಅಂದರೆ ಕಲ್ಲಿನ ಉಣ್ಣೆ, ತುಂಬುವ ಕೆಲಸ. ಮೇನ್ ಇಳಿಸಿಯಾಗಿತ್ತು. ಮೊದಲ ಹಲಗೆ ಬಂತು, ಎರಡನೆಯದಕ್ಕೆ ಬಡಿಗ ಗರಗಸ ಇಡಬೇಕು, ಕೆಳಗಿನಿಂದ ಹೆಲ್ಪರ್ ಕೂಗಿದ: "ಮಾಮಾ, ಕೈ ತಗೀರಿ! ಪಡಸಾಲ್ಯಾಗ ಫ್ಯಾನ್ ತಿರಗಾಕತ್ತೈತಿ!" ಗರಗಸದಿಂದ ಎರಡು ಬೆರಳು ಕೆಳಗೇ ಹಳೇ ಬ್ಯಾಟನ್ (ಮರದ ಪಟ್ಟಿಯ ಮೇಲಿನ) ವೈರಿಂಗ್, ಅದರ ರಬ್ಬರ್ ಮುಟ್ಟಿದರೆ ಪುಡಿ. ಮೆಟ್ಟಿಲ ಕೆಳಗಿನ ಇನ್ವರ್ಟರ್ ಆಫ್ ಆಗುವ ತನಕ ಮೇಲಿದ್ದವರು ಜಂತಿ ಮೇಲೆ ಕಾಲಿಟ್ಟಲ್ಲೇ ನಿಂತರು. ಮೇನ್ ಇಳಿಸಿದವನ ಲೆಕ್ಕದಲ್ಲಿ ಇನ್ವರ್ಟರ್ ಇರಲಿಲ್ಲ, ಎಸ್ಟಿಮೇಟ್ ಬರೆದವನ ಲೆಕ್ಕದಲ್ಲಂತೂ ವೈರಿಂಗೇ ಇರಲಿಲ್ಲ.

ಆದ್ದರಿಂದ ಮೊದಲು ಇನ್ವರ್ಟರ್, ಆಮೇಲೆ ಮೇನ್. ಟೆಸ್ಟರ್ ಸರಿಯಿದೆಯೇ ಎಂದು, ಇಳಿಸುವ ಮೊದಲೇ ಕರೆಂಟ್ ಇರುವ ಪಾಯಿಂಟಿನಲ್ಲಿ ಒಮ್ಮೆ ಹಚ್ಚಿ ನೋಡಿಕೊಂಡೇ ಅಟ್ಟ ಹತ್ತಬೇಕು. ಹಳೇ ವೈರನ್ನು ಉಣ್ಣೆಯ ಕೆಳಗೆ ಹೂಳಬೇಡಿ. ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ವೈರ್ ಕಾಯುತ್ತದೆ. ಲೈಟಿನ ಲೈನಿಗೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಪಿವಿಸಿ ಪೈಪಿನಲ್ಲಿ, ಉಣ್ಣೆಯ ಮೇಲ್ಗಡೆ. ಜಂಕ್ಷನ್ ಬಾಕ್ಸ್ ಕೈಗೆ ಸಿಗುವಂತಿರಲಿ.

ಉಣ್ಣೆಯ ಬದಲು ಅಲ್ಯುಮಿನಿಯಂ ಫಾಯಿಲ್ ಅಗ್ಗವೆಂದು ಕೇಳುವವರು ಬಹಳ. ಅದಕ್ಕೆ ಹೊಳೆಯುವ ಬದಿಯಲ್ಲಿ ಒಂದಿಂಚಾದರೂ ಖಾಲಿ ಜಾಗ ಬೇಕು, ಅಟ್ಟದ ಮೇಲೆ ಹಾಸಿದರೆ ಧೂಳು ಕೂತು ಕೆಲಸ ಕೆಡುತ್ತದೆ. ಅದಕ್ಕಿಂತ ದೊಡ್ಡ ಮಾತು, ಅಲ್ಯುಮಿನಿಯಂ ಕರೆಂಟ್ ಹರಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಮನೆಗಳ ಅಟ್ಟಕ್ಕೆ ಶಾಖ ತಡೆ ಹಾಕಿಸುವ ಸರ್ಕಾರಿ ಯೋಜನೆಯಡಿ ಫಾಯಿಲ್‌ಗೆ ಸ್ಟೇಪಲ್ ಹೊಡೆಯುವಾಗ ಪಿನ್ನು ವೈರಿಗೆ ತಗುಲಿ ಕೆಲಸಗಾರರು ಸತ್ತರು. 2010ರ ಫೆಬ್ರುವರಿಯಲ್ಲಿ ಆ ಯೋಜನೆಯಲ್ಲಿ ಫಾಯಿಲ್ ಹಾಕುವುದನ್ನೇ ನಿಲ್ಲಿಸಿದರು.

ಹಲಗೆಗಳಿಗೆ ಸೀಮೆಸುಣ್ಣದಿಂದ ನಂಬರ್ ಹಾಕಿ, ವಾಪಸ್ ಕೂರಿಸುವಾಗ ಮೊಳೆ ಬಿಟ್ಟು ಸ್ಕ್ರೂ ಹಾಕಿ. ಗೋಡೆಯೊಳಗೆ ಹೋಗಿರುವ ಜಂತಿಯ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಅರ್ಧ ಇಂಚು ಇಳಿದರೆ ಗೆದ್ದಲೋ ಕೊಳೆತವೋ, ಕೆಲಸ ಅಲ್ಲಿಗೇ ನಿಲ್ಲಿಸಿ.

ಹಳೇ ಮನೆಯಲ್ಲಿ ಜಂತಿಯ ಅಂತರ ಒಂದೇ ಸಮ ಇರುವುದಿಲ್ಲ. ಪ್ರತಿ ಸಂದನ್ನೂ ಅಳೆದು, ಉಣ್ಣೆಯ ಸ್ಲ್ಯಾಬನ್ನು ಅದಕ್ಕಿಂತ 10–15 ಮಿಲಿಮೀಟರ್ ಅಗಲವಾಗಿಯೇ ಕೊಯ್ದರೆ ಬಿಗಿಯಾಗಿ ಕೂರುತ್ತದೆ. ನಾಲ್ಕಿಂಚು ಆಳದ ಜಂತಿಗೆ 50 ಎಂಎಂನ ಎರಡು ಪದರ, ಮೇಲಿನ ಪದರದ ಜೋಡಣೆ ಕೆಳಗಿನದರ ಜೋಡಣೆಯ ಮೇಲೆ ಬರದಂತೆ. ಒತ್ತಿ ತುರುಕಿದರೆ ದಪ್ಪ ಹೋಗುತ್ತದೆ, ದಪ್ಪ ಹೋದರೆ ದುಡ್ಡು ಹೋದಂತೆ. ಹನ್ನೆರಡು ಬೈ ಹದಿನೈದು ಅಡಿಯ ಕೋಣೆಗೆ ಒಂದು ಮೀಟರ್ ಬೈ ಅರ್ಧ ಮೀಟರಿನ ಸ್ಲ್ಯಾಬು ಎರಡೂ ಪದರ ಸೇರಿ ಸುಮಾರು 67. ಜಂತಿ ತಿನ್ನುವ ಜಾಗ, ಕಟಿಂಗ್ ವೇಸ್ಟು ಹೆಚ್ಚುಕಡಿಮೆ ಒಂದಕ್ಕೊಂದು ವಜಾ. ಇಲಿ ನುಗ್ಗದಂತೆ ಅಂಚಿನುದ್ದಕ್ಕೂ ಕಾಲಿಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಳಿಗೆ. ಮಾಸ್ಕ್, ತುಂಬುತೋಳಿನ ಅಂಗಿ ಬಿಡಬೇಡಿ.

ಎಸ್ಟಿಮೇಟ್ ಬರೆಯುವ ಆಫೀಸಿನವರದು ಚದರಡಿ ರೇಟು ಒಂದೇ. ಹಂಚು ತಿರುವುವುದು, ವೈರಿಂಗ್ ಎಲ್ಲ ಆಮೇಲೆ "ಎಕ್ಸ್‌ಟ್ರಾ" ಆಗಿ ಬರುತ್ತದೆ, ಮಾಲೀಕರ ಬೈಗುಳ ಸೈಟಿನಲ್ಲಿದ್ದವರಿಗೆ. ಗಿರಾಕಿಗಳಿಗೂ ನೆನಪಾಗುವುದು ಏಪ್ರಿಲ್ ಸೆಕೆಯಲ್ಲೇ. ಹಂಚು ಎಲ್ಲಿ ಸೋರುತ್ತದೆ ಅನ್ನೋದು ಗೊತ್ತಾಗುವುದು ಮಳೆಗಾಲದಲ್ಲಿ, ಹಾಗಾಗಿ ಆಗ ಗುರುತು ಹಾಕಿ ದೀಪಾವಳಿ ದಾಟಿದ ಮೇಲೆ ಉಣ್ಣೆ ತುಂಬುವುದೇ ಸರಿ. ಸೆಕೆಯಲ್ಲೇ ಮಾಡಲೇಬೇಕಾದರೆ ಕೋಣೆಗೊಂದು ಹಲಗೆಯನ್ನು ಎರಡೇ ಸ್ಕ್ರೂ ಮೇಲೆ ಬಿಡಿ, ಮೊದಲ ದೊಡ್ಡ ಮಳೆಯ ಮರುದಿನ ಎತ್ತಿ ಒಳಗೆ ಕೈ ಹಾಕಿ. ಉಣ್ಣೆ ಒದ್ದೆಯಿದ್ದರೆ ಅವತ್ತೇ ಹೊರಗೆ ತೆಗೆಯಬೇಕು, ಸೋರುವ ಹಂಚು ಬದಲಿಸುವ ತನಕ ಹಲಗೆ ಮುಚ್ಚುವಂತಿಲ್ಲ.