ಯಾರ್ತ್ಸೆವ್: ತಡವಾಗಿ ಬಂದ ಸ್ಟ್ರೈಕರ್, ಹತ್ತು ದಿನದ ಕೋಚ್

29 ಅಂದ್ರೆ ನಮ್ಮ ಕಲಬುರಗಿ ಕಡೆ ಫುಟ್‌ಬಾಲ್ ಆಡುವವರು ಬೂಟು ಮಾಡಿನ ಮೇಲಿಟ್ಟು ನೌಕರಿ, ಸಂಸಾರ ಅಂತ ತಿರುಗುವ ವಯಸ್ಸು. ಸೋವಿಯತ್ ಸ್ಟ್ರೈಕರ್ ಗಿಯೋರ್ಗಿ ಯಾರ್ತ್ಸೆವ್ ಆ ವಯಸ್ಸಿನಲ್ಲಿ ಮಾಸ್ಕೋದ ಸ್ಪಾರ್ಟಕ್ ಕ್ಲಬ್ ಸೇರಿದರು. 1948ರಲ್ಲಿ ಹುಟ್ಟಿದ ಅವರು ಅಲ್ಲಿಯವರೆಗೆ ಹೆಚ್ಚಾಗಿ ಆಡಿದ್ದು ಕೊಸ್ತ್ರೊಮಾ ಎಂಬ ಜಿಲ್ಲಾ ಊರಿನ ತಂಡಕ್ಕೆ, ಕೆಳಗಿನ ಲೀಗ್‌ನಲ್ಲಿ. ಅವರು ಬಂದ 1977ರಲ್ಲಿ ಸ್ಪಾರ್ಟಕ್ ಕೂಡ ಮೇಲಿನ ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಕೋಚ್ ಕಾನ್‌ಸ್ತಾಂತಿನ್ ಬೆಸ್ಕೋವ್, ತಾವೂ ಒಂದು ಕಾಲದ ಸ್ಟ್ರೈಕರ್, ಹೆಸರಿಲ್ಲದ ಆಟಗಾರರನ್ನು ಊರೂರಿಂದ ಆರಿಸಿ ತರುತ್ತಿದ್ದರು. ಅದೇ ವರ್ಷ ತಂಡ ಮೇಲೆ ಬಂತು. 1978ರಲ್ಲಿ ಯಾರ್ತ್ಸೆವ್ 19 ಗೋಲು ಹೊಡೆದು ಸೋವಿಯತ್ ಲೀಗ್‌ನಲ್ಲೇ ಮೊದಲಿಗರಾದರು. 1979ರಲ್ಲಿ ಸ್ಪಾರ್ಟಕ್ ಚಾಂಪಿಯನ್.

ಅಷ್ಟು ತಡವಾಗಿ ಬಂದವರು ಒಂದೇ ಮೇಲಿನ ಹಂತದ ಸೀಸನ್‌ನಲ್ಲಿ ಹೇಗೆ ಹೊಂದಿಕೊಂಡರು? ಬೆಸ್ಕೋವ್‌ರ ಸ್ಪಾರ್ಟಕ್‌ನಲ್ಲಿ ಸ್ಟ್ರೈಕರ್ ಚೆಂಡು ಹಿಡಿದು ಮೂವರನ್ನು ದಾಟುವುದು ಬೇಕಿರಲಿಲ್ಲ. ಬೇಕಿದ್ದದ್ದು ಜಾಗ ಮಾಡಿಕೊಳ್ಳುವುದು ಮತ್ತು ಒಂದೇ ಸ್ಪರ್ಶಕ್ಕೆ ಚೆಂಡು ತಿರುಗಿಸುವುದು. ರಷ್ಯನ್ನರು ಇದಕ್ಕೆ ‘ಸ್ತೆಂಕಾ’ ಅನ್ನುತ್ತಾರೆ, ಅಂದರೆ ಗೋಡೆ. ಚೆಂಡು ಗೋಡೆಗೆ ಬಡಿದು ವಾಪಸ್ ಬಂದ ಹಾಗೆ ಬರಬೇಕು. ಹಿಂದೆ ಯೂರಿ ಗವ್ರಿಲೋವ್, ಫ್ಯೋದೊರ್ ಚೆರೆಂಕೋವ್‌ರಂಥ ಪಾಸ್ ಕೊಡುವವರಿದ್ದಾಗ ಗೋಡೆಗೆ ವಯಸ್ಸು ಅಡ್ಡಿಯಲ್ಲ.

ಸ್ತೆಂಕಾ ನೋಡಲು ಸರಳ, ಕೆಡುವುದು ನಾಲ್ಕು ಕಡೆ. ಸ್ಟ್ರೈಕರ್ ಮೊದಲು ಎರಡು-ಮೂರು ಹೆಜ್ಜೆ ಗೋಲಿನ ಕಡೆ ಹೋಗಬೇಕು. ಡಿಫೆಂಡರ್ ಅವನ ಹಿಂದೆ ಸರಿಯುತ್ತಾನೆ. ಆಗ ತಟ್ಟನೆ ಚೆಂಡಿನ ಕಡೆಗೆ ಬರಬೇಕು. ಈ ಮೊದಲ ಹೆಜ್ಜೆಗಳನ್ನು ಬಿಟ್ಟರೆ ಡಿಫೆಂಡರ್ ಬೆನ್ನಿಗೇ ಅಂಟಿಕೊಂಡಿರುತ್ತಾನೆ. ಪಾಸ್ ಕೊಡುವವನು 8ರಿಂದ 10 ಮೀಟರ್ ದೂರದಿಂದ ನೆಲಕ್ಕೇ ಗಟ್ಟಿಯಾಗಿ ಹೊಡೆಯಬೇಕು. ಮೆತ್ತಗೆ ಬಂದ ಚೆಂಡು ಡಿಫೆಂಡರ್‌ನ ಪಾಲು. ವಾಪಸ್ ಕೊಡುವುದು ಬಂದ ಗೆರೆಯಲ್ಲಲ್ಲ, ಓರೆಯಾಗಿ, ಓಡಿ ಬರುವವನ ಮುಂದಿನ ಜಾಗಕ್ಕೆ. ಕೊಟ್ಟ ಮೇಲೆ ನಿಂತು ನೋಡಬಾರದು. ಚೆಂಡು ಎಡಕ್ಕೆ ಹೋದರೆ ತಾನು ಬಲದಿಂದ ತಿರುಗಬೇಕು. ನಮ್ಮ ಹುಡುಗರಲ್ಲಿ ಹೆಚ್ಚಾಗಿ ಕೆಡುವುದು ಈ ಕಡೇದು: ಕೊಟ್ಟು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾರೆ.

ನೆಲದ ಮಾತೂ ಹೇಳಲೇಬೇಕು. ಕಲಬುರಗಿ, ಯಾದಗಿರಿಯ ಎರಿ ಮಣ್ಣಿನ ಮೈದಾನ ಏಪ್ರಿಲ್-ಮೇ ತಿಂಗಳಲ್ಲಿ ಬಿರುಕು ಬಿಟ್ಟಿರುತ್ತದೆ. ನೆಲಕ್ಕೆ ಕೊಟ್ಟ ಪಾಸು ಬಿರುಕಿನ ಅಂಚಿಗೆ ತಾಗಿ ಮೊಣಕಾಲಿಗೆ ಪುಟಿಯುತ್ತದೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಅದೇ ಪಾಸು ಜಾರಿಕೊಂಡು ಜೋರಾಗಿ ಬರುತ್ತದೆ, ಬಿದ್ದರೆ ಮೊಣಕಾಲು ಮಾತ್ರ ಉಳಿಯುವುದಿಲ್ಲ. ಎರಿ ನೆಲದಲ್ಲಿ 10 ಮೀಟರ್ ಚೌಕವೊಂದನ್ನು ಆರಿಸಿ ಹಿಂದಿನ ಸಂಜೆ ತೆಳ್ಳಗೆ ನೀರು ಚಿಮುಕಿಸಿ, ಬೆಳಿಗ್ಗೆ ರೋಲರ್ ಎಳೆದರೆ ಸಾಕು. ನೀರು ಜಾಸ್ತಿಯಾದರೆ ಮಣ್ಣು ಉಬ್ಬಿ ಬೂಟಿಗೆ ರೊಟ್ಟಿ ಹಿಟ್ಟಿನ ಹಾಗೆ ಅಂಟುತ್ತದೆ. ಚೆಂಡಿನ ಗಾಳಿಯನ್ನು ನಿಯಮದ ಕೆಳಗಿನ ತುದಿಗೆ, 9 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಪುಟಿತ ಕಡಿಮೆ. ಮೈದಾನವೇ ಸಿಗದಿದ್ದರೆ ಶಹಾಬಾದ್ ಕಲ್ಲಿನ ಕಂಪೌಂಡ್ ಇದೆಯಲ್ಲ, 5 ಮೀಟರ್ ದೂರ ನಿಂತು ಬಲಗಾಲಿಗೆ 20, ಎಡಗಾಲಿಗೆ 20. ಒರಟು ಕಲ್ಲಿದ್ದರೆ ಚೆಂಡು ಅಡ್ಡಾದಿಡ್ಡಿ ಬರುತ್ತದೆ, ಬರಲಿ, ಪಂದ್ಯದಲ್ಲೂ ಹಾಗೇ ಬರುತ್ತದೆ.

ಈಗ ಕೋಚ್ ಯಾರ್ತ್ಸೆವ್. 1995ರ ಶರತ್ಕಾಲದಲ್ಲಿ ಸ್ಪಾರ್ಟಕ್ ಚಾಂಪಿಯನ್ಸ್ ಲೀಗ್ ಗುಂಪಿನ ಆರಕ್ಕೆ ಆರೂ ಪಂದ್ಯ ಗೆದ್ದಿತ್ತು. ಚಳಿಗಾಲ ಮುಗಿಯುವಷ್ಟರಲ್ಲಿ ಒನೊಪ್ಕೊ, ಯುರಾನ್, ಕುಲ್ಕೋವ್, ಗೋಲ್‌ಕೀಪರ್ ಚೆರ್ಚೆಸೋವ್ ತಂಡ ಬಿಟ್ಟಿದ್ದರು. ಕೋಚ್ ಒಲೆಗ್ ರೊಮಾಂತ್ಸೆವ್ ರಾಷ್ಟ್ರೀಯ ತಂಡದ ಕೆಲಸಕ್ಕೆ ಒತ್ತು ಕೊಟ್ಟು, 1996ರ ಸೀಸನ್ನನ್ನು ಯಾರ್ತ್ಸೆವ್ ಕೈಗಿಟ್ಟರು. ಯಾರ್ತ್ಸೆವ್ ತಿತೋವ್‌ರಂಥ ಹುಡುಗರನ್ನು ನಂಬಿ ಆಡಿಸಿದರು. ಕೊನೆಗೆ ಸ್ಪಾರ್ಟಕ್, ವ್ಲಾದಿಕಾವ್ಕಾಜ್‌ನ ಅಲಾನಿಯಾ ಎರಡೂ 72 ಅಂಕಕ್ಕೆ ನಿಂತವು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ನಿರ್ಣಾಯಕ ಪಂದ್ಯದಲ್ಲಿ ಸ್ಪಾರ್ಟಕ್ 2–1ರಿಂದ ಗೆದ್ದಿತು. ಗೋಲು ತ್ಸಿಂಬಲಾರ್, ತಿಖೊನೋವ್ ಅವರದು. ಇಡೀ ಸೀಸನ್ ಗೆದ್ದದ್ದು ಹೌದು. ಆದರೆ ಆ ಶಾರ್ಟ್ ಪಾಸಿನ ಪದ್ಧತಿ ಬೆಸ್ಕೋವ್ ಕಾಲದಿಂದ ಮನೆಯಲ್ಲೇ ಇತ್ತು, ರೊಮಾಂತ್ಸೆವ್ ಕೂಡ ಅದೇ 1979ರ ತಂಡದವರು. ಹಾಕಿದ ಪಾಯದ ಮೇಲೆ ಯಾರ್ತ್ಸೆವ್ ಗೋಡೆ ಎತ್ತಿದರು. ಪಾಯ ಇಲ್ಲದ ಕಡೆ, ಮುಂದೆ ಡೈನಮೊ ಮಾಸ್ಕೋ ಮತ್ತು ವೋಲ್ಗೊಗ್ರಾದ್‌ನ ರೋಟರ್‌ನಲ್ಲಿ, ಅವರ ಹೆಸರು ಉಳಿಯುವಂಥದ್ದು ಏನೂ ಆಗಲಿಲ್ಲ.

ನನ್ನ ಲೆಕ್ಕದಲ್ಲಿ ಅವರ ನಿಜವಾದ ಕೈಚಳಕ 2003ರದ್ದು. ಯುರೋ, ಅಂದರೆ ಯುರೋಪಿನ ದೇಶಗಳ ಕಪ್‌ನ ಅರ್ಹತಾ ಗುಂಪಿನಲ್ಲಿ ರಷ್ಯಾ ಅಲ್ಬೇನಿಯಾ, ಜಾರ್ಜಿಯಾಗಳ ಎದುರು ಸೋತು ಕುಳಿತಿತ್ತು. ಆಗಸ್ಟ್‌ನಲ್ಲಿ ರಾಷ್ಟ್ರೀಯ ತಂಡದ ಕೋಚ್ ಗಜ್ಜಾಯೆವ್ ರಾಜೀನಾಮೆ ಕೊಟ್ಟರು, ಆ ಜಾಗಕ್ಕೆ ಯಾರ್ತ್ಸೆವ್ ಬಂದರು. ಉಳಿದದ್ದು ಮೂರು ಪಂದ್ಯ. ಯಾರ್ತ್ಸೆವ್ ಹೊಸ ಪದ್ಧತಿ ಕಟ್ಟಲು ಹೋಗಲಿಲ್ಲ. ಒನೊಪ್ಕೊ, ಮೊಸ್ತೊವೋಯ್‌ರಂಥ ಅನುಭವಿಗಳನ್ನು ಮುಂದಿಟ್ಟರು, ಎತ್ತರದ ಬುಲಿಕಿನ್‌ರನ್ನು ಮುಂಚೂಣಿಗೆ ನಿಲ್ಲಿಸಿದರು. ಡಬ್ಲಿನ್‌ನಲ್ಲಿ ಐರ್ಲೆಂಡ್ ಜೊತೆ 1–1, ಮಾಸ್ಕೋದಲ್ಲಿ ಸ್ವಿಟ್ಜರ್ಲೆಂಡ್ ಮೇಲೆ 4–1, ಅದರಲ್ಲಿ ಮೂರು ಬುಲಿಕಿನ್ ಗೋಲು, ಜಾರ್ಜಿಯಾ ಮೇಲೆ 3–1. ಪ್ಲೇಆಫ್‌ನಲ್ಲಿ ವೇಲ್ಸ್ ಜೊತೆ ಮನೆಯಲ್ಲಿ 0–0. ನವೆಂಬರ್ 19ರಂದು ಕಾರ್ಡಿಫ್‌ನಲ್ಲಿ ಗುಸೇವ್ ಕೊಟ್ಟ ಕ್ರಾಸ್‌ಗೆ (ಅಂಚಿನಿಂದ ಗೋಲಿನ ಮುಂದಕ್ಕೆ ಕೊಡುವ ಪಾಸ್) ಡಿಫೆಂಡರ್ ಯೆವ್ಸೇಯೆವ್ ತಲೆ ಕೊಟ್ಟರು, 1–0.

2004ರ ಯುರೋ ಟೂರ್ನಿಗೆ ಮೊದಲೇ ತಂಡ ಬಡವಾಯಿತು. ತಿತೋವ್ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿ ಒಂದು ವರ್ಷ ಹೊರಗೆ. ಒನೊಪ್ಕೊ, ಇಗ್ನಾಶೆವಿಚ್ ಇಬ್ಬರೂ ಗಾಯಾಳು, ಅಂದರೆ ಡಿಫೆನ್ಸ್‌ನ ನಡುವೇ ಖಾಲಿ. ಪೋರ್ಚುಗಲ್‌ನಲ್ಲಿ ಸ್ಪೇನ್ ಎದುರು 0–1 ಸೋತ ಮೇಲೆ ತರಬೇತಿ ಅತಿಯಾಯಿತು ಅಂತ ಮೊಸ್ತೊವೋಯ್ ಪತ್ರಕರ್ತರ ಮುಂದೆ ಹೇಳಿದರು, ಯಾರ್ತ್ಸೆವ್ ಅವರನ್ನು ಮನೆಗೆ ಕಳಿಸಿದರು. ಹಿರಿಯನೊಬ್ಬ ಹೊರಗೆ ಮಾತಾಡಿದ್ದನ್ನು ಸಹಿಸಿದರೆ ಉಳಿದ 22 ಜನ ಕೇಳುವುದಿಲ್ಲ, ಆ ನಿರ್ಧಾರ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಪೋರ್ಚುಗಲ್ ಎದುರು ಗೋಲ್‌ಕೀಪರ್ ಒವ್ಚಿನ್ನಿಕೋವ್‌ಗೆ ಕೆಂಪು ಕಾರ್ಡ್, 0–2. ಗ್ರೀಸ್ ಎದುರು ಕಿರಿಚೆಂಕೊ 67ನೇ ಸೆಕೆಂಡಿನಲ್ಲೇ ಗೋಲು ಹೊಡೆದರು. 20 ವರ್ಷ ಯುರೋದ ಅತಿ ವೇಗದ ಗೋಲಾಗಿ ಉಳಿದದ್ದು ಅದೇ. 2–1ಕ್ಕೆ ಗೆದ್ದರೂ ರಷ್ಯಾ ಹೊರಬಿತ್ತು. ಇನ್ನೊಂದು ಗೋಲು ಬಿದ್ದಿದ್ದರೆ ಗ್ರೀಸ್ ಕೂಡ ಗೋಲು ಅಂತರದಲ್ಲಿ ಸ್ಪೇನ್‌ಗಿಂತ ಕೆಳಗಿಳಿದು ಹೊರಬೀಳುತ್ತಿತ್ತು. ಆ ಗ್ರೀಸೇ ಕಪ್ ಎತ್ತಿತು!

ನಂತರದ ವಿಶ್ವಕಪ್ ಅರ್ಹತಾ ಸುತ್ತು ಉದ್ದದ ಕೆಲಸ, ಅಲ್ಲೇ ಎಡವಿದರು. ಸ್ಲೊವಾಕಿಯಾ ಜೊತೆ 1–1. ಅಕ್ಟೋಬರ್ 13, 2004ರಂದು ಲಿಸ್ಬನ್‌ನಲ್ಲಿ ಪೋರ್ಚುಗಲ್ ಎದುರು 1–7. ಎಸ್ಟೋನಿಯಾದಲ್ಲಿ 1–1 ಆದ ಮೇಲೆ, 2005ರ ವಸಂತದಲ್ಲಿ ಜಾಗ ಬಿಟ್ಟರು, ಯೂರಿ ಸ್ಯೋಮಿನ್ ಬಂದರು. ಯಾರ್ತ್ಸೆವ್ 2022ರ ಜುಲೈನಲ್ಲಿ ತೀರಿಕೊಂಡರು.

ನಮ್ಮಲ್ಲಿ ಅಂತರ-ಕಾಲೇಜು ಟೂರ್ನಿಗೆ ತಂಡ ಸೇರುವುದೇ ಹತ್ತು ದಿನ ಮುಂಚೆ. ಆ ಕೋಚ್‌ಗಳು ನೋಡಬೇಕಾದದ್ದು 2003ರ ಯಾರ್ತ್ಸೆವ್‌ರನ್ನು. ಹತ್ತು ದಿನದಲ್ಲಿ ಆಫ್‌ಸೈಡ್ ಟ್ರ್ಯಾಪ್ (ಡಿಫೆಂಡರ್‌ಗಳು ಒಟ್ಟಿಗೆ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡ್ ಮಾಡುವುದು) ಕಲಿಸಲು ಹೋಗಬೇಡಿ, ನಾಲ್ವರಲ್ಲಿ ಒಬ್ಬ ಹಿಂದುಳಿದರೂ ಗೋಲು. ಡಿಫೆನ್ಸ್‌ಗೆ ಒಟ್ಟಿಗೆ ಆಡಿ ರೂಢಿ ಇರುವವರನ್ನೇ ಇಡಿ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸಿ. ಅದರಲ್ಲಿ ಅರ್ಧ ಗಂಟೆ ಸ್ತೆಂಕಾ, ಇಪ್ಪತ್ತು ನಿಮಿಷ ಬಲಗಡೆಯಿಂದ ಕ್ರಾಸ್. ಕ್ರಾಸ್‌ಗೆ ಮೂವರು ಓಡಬೇಕು: ಒಬ್ಬ ಹತ್ತಿರದ ಕಂಬಕ್ಕೆ, ಒಬ್ಬ ದೂರದ ಕಂಬಕ್ಕೆ, ಇನ್ನೊಬ್ಬ ಪೆನಾಲ್ಟಿ ಗುರುತಿನ ಹತ್ತಿರ ನಿಧಾನಿಸಿ, ಎಲ್ಲರ ಹಿಂದೆ.