ಶ್ರೀಶೈಲ ಪಾದಯಾತ್ರೆಗೆ ತಯಾರಿ: 9ನೇ ವಾರ

ಈ ವಾರದ ಲೆಕ್ಕ ಮೊದಲು. ಆರು ದಿನ ನಡೆದೆ, ಬುಧವಾರ ತಪ್ಪಿತು. ಶನಿವಾರ ಬಾಗಲಕೋಟೆಯ ನವನಗರದಿಂದ ಗದ್ದನಕೇರಿ ಕ್ರಾಸ್ ದಾಟಿ ತುಳಸಿಗೇರಿ ಹನುಮಪ್ಪನ ಗುಡಿ ತನಕ ಹೋದೆ. ನಸುಕಿನ 4:30ಕ್ಕೆ ಮನೆ ಬಿಟ್ಟವನು ಮುಟ್ಟಿದಾಗ 8:40. ಎಡಗಾಲ ಕಿರುಬೆರಳಿಗೆ ಶೇಂಗಾ ಕಾಳಿನಷ್ಟು ಗುಳ್ಳೆ, ಮೀನಖಂಡ ಎರಡೂ ಕಲ್ಲು. ವಾಪಸ್ ಬರುವಾಗ ಬಸ್ಸು ಹತ್ತಿದೆ.

ಇದು ನನ್ನ ಮೂರನೇ ಗುರಿ. ಮೊದಲಿನ ಎರಡು ಯಾಕೆ ಕೆಟ್ಟವು ಅಂತ ಬರೆದಿಟ್ಟುಕೊಳ್ಳಬೇಕಿದೆ.

ಕಳೆದ ವರ್ಷ ಡಾಕ್ಟರು "ಹತ್ತು ಕೆ.ಜಿ. ಇಳಸ್ರಿ" ಅಂದರು. ದಿನಾ ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಲ್ಲತೊಡಗಿದೆ. ಹದಿನೈದು ದಿನ ನಡೆದರೆ ಮುನ್ನೂರು ಗ್ರಾಂ ಇಳಿಯುವುದು, ಒಂದು ಮದುವೆ ಊಟಕ್ಕೆ ಬಡ್ಡಿ ಸಮೇತ ಮರಳುವುದು. ನಾನು ಮಾಡುತ್ತಿದ್ದದ್ದು ನಡಿಗೆ, ನೋಡುತ್ತಿದ್ದದ್ದು ತೂಕ. ಎರಡು ತಿಂಗಳಿಗೆ ಯಂತ್ರ ಮಂಚದ ಕೆಳಗೆ ಸೇರಿತು.

ಆಮೇಲೆ ಮೊಬೈಲಿನ 10,000 ಹೆಜ್ಜೆ. ರಾತ್ರಿ 9,400 ಆಗಿದ್ದರೆ ಪಡಸಾಲೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದೆ. ಈ ಸಂಖ್ಯೆ ಎಲ್ಲಿಯದು ಎಂದು ಹುಡುಕಿದರೆ, 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು ಸಿಕ್ಕಿತು: ‘ಮಾನ್ಪೊ-ಕೇ’, ಹತ್ತು ಸಾವಿರ ಹೆಜ್ಜೆಯ ಮೀಟರು. ಮಾರಾಟದ ಹೆಸರಿಗಾಗಿ ಇಷ್ಟು ದಿನ ಗೋಡೆ ಸುತ್ತಿದೆನಲ್ಲ ಅನಿಸಿ ಅವತ್ತೇ ಬಿಟ್ಟೆ. ಹೆಜ್ಜೆ ಹಾಕಿದ್ದು ದಂಡವೇನಲ್ಲ ಬಿಡಿ, ಆದರೆ ಮನಸ್ಸು ಹಾರಿಹೋಯಿತು.

ನಮ್ಮ ಓಣಿಯಿಂದ ಪ್ರತಿ ವರ್ಷ ಯುಗಾದಿಗೆ ಶ್ರೀಶೈಲದ ಮಲ್ಲಯ್ಯನ ಕಂಬಿ ಹೊತ್ತು ಪಾದಯಾತ್ರೆ ಹೊರಡುತ್ತದೆ. ಪಕ್ಕದ ಮನೆಯ ಕಾಕಾ ಹತ್ತೊಂಬತ್ತು ಸಲ ನಡೆದವರು. ಚಹಾದ ಅಂಗಡಿ ಮುಂದೆ, ನಾಲ್ಕು ಮಂದಿ ಎದುರು, "ಕಾಕಾ, ಈ ಸಲ ನಾನೂ ಬರ್ತೀನ್ರಿ" ಅಂದುಬಿಟ್ಟೆ. ಕಾಕಾ ಮುಖ ನೋಡಲಿಲ್ಲ, ಕಾಲು ನೋಡಿದರು. "ದಿನಕ್ಕ ಮೂವತ್ತೈದು ನಲವತ್ತು ಕಿಲೋಮೀಟರ್ ಐತಿ ತಮ್ಮಾ. ಆತ್ಮಕೂರ ದಾಟಿದ ಮ್ಯಾಲ ಅಡವಿ. ಭೀಮನಕೊಳ್ಳದಾಗ ನಿನ್ನ ಯಾರೂ ಹೊತ್ಕೊಂಡು ಹೋಗಂಗಿಲ್ಲ."

ಮೊದಲ ಐದು ವಾರ ಎದ್ದದ್ದು ಬರೀ ಮಾನಕ್ಕಂಜಿ. ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಇಂಥದ್ದನ್ನು ಬಿಡಿಸಿಟ್ಟಿದ್ದಾರೆ. ಹೊರಗಿನವರು ಬೈದರೆ ಮಾಡುವುದು ಒಂದು ಬಗೆ. ಆ ಬೈಗುಳವನ್ನೇ ಒಳಗಿಟ್ಟುಕೊಂಡು, ಮಾಡದಿದ್ದರೆ ನಾಚಿಕೆ ಎಂದು ಮಾಡುವುದು ಇನ್ನೊಂದು. ಕೆಲಸದ ಬೆಲೆ ತನಗೇ ಗೊತ್ತಾಗಿಯೋ ಅದರಲ್ಲೇ ಖುಷಿ ಕಂಡೋ ಮಾಡುವುದು ಬೇರೆ, ಬಹಳ ದಿನ ಬಾಳುವುದು ಅದು. ನನ್ನದು ಎರಡನೆಯ ಬಗೆ ಎಂದು ಓದಿದಾಗ ಸ್ವಲ್ಪ ಚುಚ್ಚಿತು. ಆದರೆ ಆರನೇ ವಾರ ಒಂದು ನಸುಕಿನಲ್ಲಿ, ಮುಚಖಂಡಿ ಕೆರೆ ಕಡೆ ಹೋದಾಗ, ಕಾಕಾ ಜ್ವರ ಬಂದು ಮಲಗಿದ್ದರು, ನೋಡುವವರು ಒಬ್ಬರೂ ಇರಲಿಲ್ಲ. ಆದರೂ ತಿರುಗಬೇಕಾದ ಕಡೆ ತಿರುಗದೆ ಇನ್ನೂ ಅರ್ಧ ತಾಸು ಮುಂದೆ ನಡೆದೆ. ಕಾರಣ ಕೇಳಿದರೆ ಹೇಳಲು ಬರುವುದಿಲ್ಲ. ತಂಪಿತ್ತು, ಅಷ್ಟೇ.

ಬುಧವಾರ ತಪ್ಪಿದ್ದಕ್ಕೆ ಮೊದಲಾಗಿದ್ದರೆ ಇಡೀ ವಾರವೇ ಕೈಬಿಡುತ್ತಿದ್ದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ರೂಢಿ ತಾನಾಗಿ ನಡೆಯಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ಸಾಕಾದರೆ ಕೆಲವರದ್ದು 254ಕ್ಕೆ ಹೋಗುವ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿಗೆ ನಷ್ಟವಿಲ್ಲ ಎಂದೂ ಕಂಡಿತ್ತು. ನನ್ನದು ಇವತ್ತಿಗೆ 63. ನಾನು 254ರ ಮಂದಿಯೇ ಇರಬೇಕು, ಅಲಾರಾಂ ಇಲ್ಲದೆ ಇನ್ನೂ ಏಳಲಾಗಿಲ್ಲ.

ಯುಗಾದಿ ಮುಗಿದ ಮೇಲೆ ಏನು ಎಂಬುದೇ ಈಗಿನ ಚಿಂತೆ. ಕಾಕಾನಿಗೆ ಕೇಳಿದರೆ "ಮುಂದಿನ ಯುಗಾದಿ" ಅಂದರು. ಅವರಿಗೆ ಮಲ್ಲಯ್ಯ ಇದ್ದಾನೆ, ನನ್ನ ಭಕ್ತಿ ಅಷ್ಟು ಗಟ್ಟಿಯಿಲ್ಲ.

ಮುಂದಿನ ವಾರದಿಂದ ಬೆನ್ನಿಗೆ ಐದು ಕೆ.ಜಿ. ಭಾರ ಹೊತ್ತು ನಡೆಯಬೇಕು. ಚೀಲಕ್ಕೆ ಏನು ತುಂಬಲಿ ಎಂದು ಯೋಚಿಸುತ್ತಿದ್ದೆ. ಅವ್ವ ಜೋಳದ ಡಬ್ಬಿ ಮುಂದಿಟ್ಟಳು: "ಹೆಂಗೂ ಹೊರತಿ, ಬರುವಾಗ ಗಿರಣ್ಯಾಗ ಬೀಸಿಕೊಂಡು ಬಾ."