ಮೆಣಸಿನಕಾಯಿ ಬರುವ ಮುಂಚಿನ ಮೀನು ಸಾರು: ಮಲೆನಾಡಿನ ಸಾಗರದಲ್ಲಿ ನಾಲ್ಕು ಸುತ್ತು

ಕರಾವಳಿಯ ಮೀನು ಸಾರಿನ ಕೆಂಪು ಬಣ್ಣ ತೀರಾ ಹಳೆಯದಲ್ಲ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 1498ರಲ್ಲಿ ಪೋರ್ಚುಗೀಸರು ಈ ಕಡಲಿಗೆ ಇಳಿದ ಮೇಲೆ ಬಂದದ್ದು. ಮೆಣಸು ಇಲ್ಲಿ ಮೊದಲೇ ಇತ್ತು, ಹೊಸದಕ್ಕೆ ಅದರದೇ ಹೆಸರಿನ ಜೊತೆ ‘ಕಾಯಿ’ ಸೇರಿಸಿ ಕರೆದರು. ಮಲೆನಾಡಿನ ಹಿತ್ತಲಲ್ಲಿ ನಾಟಿ ಎಂದು ಬೀಗುವ ಜೀರಿಗೆಮೆಣಸೂ ಹಡಗು ಹತ್ತಿ ಬಂದದ್ದೇ, ಹಾಗಾಗಿ ಇಲ್ಲಿ ಅದಕ್ಕೂ ಪ್ರವೇಶವಿಲ್ಲ. ಟೊಮೇಟೊಗೂ ಇಲ್ಲ.

ಯಾವುದೋ ಹಳೆಯ ಓಲೆಗರಿ ನೋಡಿ ಮಾಡುತ್ತಿರುವ ಅಡುಗೆಯಲ್ಲ ಇದು. ಹೊರಗಿನಿಂದ ಬಂದದ್ದನ್ನು ತೆಗೆದರೆ ಸಾರಿನಲ್ಲಿ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ನೋಡುವುದಷ್ಟೆ.

ಎಲ್ಲ ಸುತ್ತಿಗೂ ಒಂದೇ ಅಳತೆ: ಬಂಗುಡೆ ಅರ್ಧ ಕೆಜಿ, ಅರ್ಧ ತೆಂಗಿನಕಾಯಿಯ ತುರಿ, ಕೊತ್ತಂಬರಿ ಬೀಜ 2 ಚಮಚ, ಮೆಂತ್ಯ ಕಾಲು ಚಮಚ, ಅರಿಸಿನ ಅರ್ಧ ಚಮಚ, ಒಣ ಉಪ್ಪಾಗೆ (ಹುಳಿಗೆ ಹಾಕುವ ಕಾಡುಹಣ್ಣು) 4 ಸಿಪ್ಪೆ.

ಸುತ್ತು 1. ಹತ್ತು ಬ್ಯಾಡಗಿ ಮೆಣಸಿನಕಾಯಿಯ ಜಾಗಕ್ಕೆ 3 ಚಮಚ ಕಾಳುಮೆಣಸು. ಕಾಯಿಯ ಜೊತೆಗೇ ಅರೆದು 15 ನಿಮಿಷ ಕುದಿಸಿದ್ದು. ಪೂರ್ತಿ ಸೋಲು. ಗಂಟಲು ಉರಿಯಿತು, ಪರಿಮಳವಿಲ್ಲ, ಬಣ್ಣ ಬೂದಿ, ಮೇಲೆ ನೀರು ಕೆಳಗೆ ಗಸಿ. ಮೆಣಸಿನ ಘಮ ಆವಿಯ ಜೊತೆ ಹಾರಿಹೋಗುವ ಎಣ್ಣೆಯದು. ಖಾರ ಮಾತ್ರ ಪಾತ್ರೆಯಲ್ಲಿ ಉಳಿಯುತ್ತದೆ. ಬ್ಯಾಡಗಿ ಖಾರಕ್ಕಿಂತ ಹೆಚ್ಚಾಗಿ ಬಣ್ಣವನ್ನೂ ಮಂದವನ್ನೂ ಕೊಡುತ್ತಿತ್ತು ಎಂಬುದು ತೆಗೆದ ಮೇಲೆಯೇ ಗೊತ್ತಾಗುವುದು.

ಸುತ್ತು 2. ಮೆಣಸನ್ನು ಎರಡು ಪಾಲು ಮಾಡಲಾಯಿತು. 1 ಚಮಚ ಅರೆಯುವಾಗ, ಅರ್ಧ ಚಮಚ ತರಿಯಾಗಿ ಕುಟ್ಟಿ ಒಲೆ ಆರಿಸಿದ ಮೇಲೆ. ಮುಚ್ಚಿ 10 ನಿಮಿಷ. ಘಮ ನಿಂತಿತು. ಮಂದಕ್ಕೆ 1 ಚಮಚ ನೆನೆದ ಅಕ್ಕಿ ಕಾಯಿಯ ಜೊತೆ ಅರೆದಿದ್ದು, ಅದು ತಳ ಹಿಡಿಯಿತು. ಮೀನು ಹಾಕುವ ಮೊದಲೇ ಕೈಯಾಡಿಸಿ ಒಂದು ಕುದಿ ಬರಿಸಬೇಕು. ಮೀನು ಬಿದ್ದ ಮೇಲೆ ಸೌಟು ಹಾಕದೆ ಗಡಿಗೆಯನ್ನೇ ಹಿಡಿದು ತಿರುಗಿಸಬೇಕು. ಬಂಗುಡೆಗೆ 6–7 ನಿಮಿಷ ಸಾಕು.

ಸುತ್ತು 3, ಹುಳಿಯದು. ಉಪ್ಪಾಗೆಯನ್ನು ಅರೆದು ಹಾಕಿದರೆ ಸಾರು ಕಪ್ಪು, ಬಾಯಿ ಒಗರು. ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನೀರು ಮತ್ತು ಇಡೀ ಸಿಪ್ಪೆ ಹಾಕಿ, ಇಳಿಸುವಾಗ ಸಿಪ್ಪೆ ತೆಗೆದುಬಿಡಬೇಕು. ಮಣ್ಣಿನ ಗಡಿಗೆಯೇ ಸರಿ. ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ ಹುಳಿಗೆ ಆಗುವುದಿಲ್ಲ. ಮುರುಗಲನ್ನೂ (ಕೋಕಂ) ಹಾಕಿ ನೋಡಲಾಯಿತು: ಹುಳಿ ಮೆದು, ಆದರೆ ಅದರ ಚಂದದ ಬಣ್ಣ ಕಾಯಿಹಾಲಿನಲ್ಲಿ ಮಂಕಾಗುತ್ತದೆ. ಅದು ತಿಳಿಸಾರಿಗೇ ಇರಲಿ. ಮುರುಗಲು ಬೇಸಿಗೆಯಲ್ಲಿ ಹಣ್ಣಾಗುತ್ತದೆ, ಬಿಸಿಲಲ್ಲೇ ಒಣಗುತ್ತದೆ. ಉಪ್ಪಾಗೆ ಹಣ್ಣಾಗುವುದು ಮಳೆಯಲ್ಲಿ, ಹೊಗೆಗಿಟ್ಟೇ ಒಣಗಿಸಬೇಕು. ಸಾರಿಗೆ ಬರುವ ಹೊಗೆಯ ವಾಸನೆ ಅಲ್ಲಿಂದ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಕಾಳುಮೆಣಸಿನ ಬೆಲೆಗೇ. ಮುಂದೆ ಆ ಸೀಮೆ ಕೆಳದಿಯವರ ಕೈಸೇರಿತು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಹೊನ್ನಾವರದಿಂದ ಗೇರುಸೊಪ್ಪೆಗೆ ಹೊಳೆಯಲ್ಲಿ ಬಂದು, ಘಟ್ಟ ಹತ್ತಿ, ಸಾಗರದ ಪಕ್ಕದ, ಕೆಳದಿ ಅರಸ ವೆಂಕಟಪ್ಪ ನಾಯಕನ ಇಕ್ಕೇರಿ ಮುಟ್ಟಿದ. ಇಂದಿಗೂ ಹೊನ್ನಾವರದ ಮೀನು ಸಾಗರಕ್ಕೆ ಬರುವುದು ಹೆಚ್ಚುಕಡಿಮೆ ಅದೇ ದಿಕ್ಕಿನಿಂದ. ಆಗ ಆ ದಾರಿಯಲ್ಲಿ ಮೆಣಸು ಇಳಿಯುತ್ತಿತ್ತು, ಉಪ್ಪು ಏರುತ್ತಿತ್ತು.

ಸುತ್ತು 4. ಅರೆಯುವ ಪಾಲಿಗೆ ಕಾಳುಮೆಣಸಿನ ಬದಲು ಬೋಳುಕಾಳು, ಅಂದರೆ ಸಿಪ್ಪೆ ತೆಗೆದ ಬಿಳಿ ಮೆಣಸು. ಕಪ್ಪು ಸಿಪ್ಪೆ ಇಲ್ಲದ್ದರಿಂದ ಬೂದಿಬಣ್ಣ ಹೋಗಿ ಅರಿಸಿನದ ಹಳದಿ ಎದ್ದಿತು. ಘಮ ಕಡಿಮೆ, ಕೊನೆಯ ತರಿ ಮಾತ್ರ ಕಪ್ಪು ಕಾಳಿನದೇ ಆಗಬೇಕು. ಜುಮ್ಮನಕಾಯಿ (ನಾಲಗೆ ಜುಮ್ಮೆನಿಸುವ ಕಾಡು ಮಸಾಲೆಕಾಯಿ) 6, ಒಳಗಿನ ಬೀಜ ತೆಗೆದು ಸಿಪ್ಪೆ ಜಜ್ಜಿ ಕುದಿಗೆ ಹಾಕಿದ್ದು, ಅರೆದರೆ ಕಹಿ. ಬಂಗುಡೆಯ ಜಿಡ್ಡಿಗೆ ಇದರಷ್ಟು ಹೊಂದುವುದು ಬೇರೆ ಸಿಕ್ಕಿಲ್ಲ. ಸಾರು ಮಾರನೆಯ ದಿನಕ್ಕೆ ಇನ್ನೂ ರುಚಿ, ಆದರೆ ಮತ್ತೆ ಕುದಿಸದೆ ಬಿಸಿ ಮಾಡಬೇಕು. ಕುದಿಸಿದರೆ ಸುತ್ತು 1ರ ಕಥೆಯೇ.

ಮುಂದಿನದು ಒಣಮೀನು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದಿದ್ದಾಗ ಘಟ್ಟದ ಮೇಲಿನ ಮನೆಗಳಿಗೆ ಅದೇ ಆಧಾರ. ಉಪ್ಪು ಬಿಡಿಸಲು ಎರಡು ನೀರು, ಒಂದೊಂದೂ 20 ನಿಮಿಷ. ಸಾರಿಗೆ ಉಪ್ಪು ಹಾಕುವುದು ರುಚಿ ನೋಡಿದ ಮೇಲೆಯೇ.